ಹಸುವಿನ ಕಣ್ಣಿ ಬಿಚ್ಚಿದ ಮೇಲೆ ಕಥೆ ನಡೆಯಿತು

ಶಿವಮೊಗ್ಗದ ಕಡೆಯವರಿಗೆ 'ಏಸೂರು ಕೊಟ್ಟರೂ ಈಸೂರು ಕೊಡೆವು' ಬಾಯಿಪಾಠ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಎಂಬ ಈ ಊರು ಕಂದಾಯ ಕೊಡಲ್ಲ ಎಂದಿತು, ತನ್ನದೇ ಸರ್ಕಾರ ಮಾಡಿಕೊಂಡಿತು. ಗಲಾಟೆಯಲ್ಲಿ ಅಮಲ್ದಾರರು, ಸಬ್‌ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು. ಆಮೇಲೆ ಪಡೆ ನುಗ್ಗಿತು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐವರಿಗೆ ಗಲ್ಲಾಯಿತು.

ನಾನು ಬರೆಯಹೊರಟದ್ದು ಕಾಡು ಸೇರಿದ ಹೆಂಗಸೊಬ್ಬಳ ಕಥೆ. ಆ ಐವರ ಮನೆಯವರನ್ನು ಮುಟ್ಟಲಿಲ್ಲ. ಅವರ ಮೊಮ್ಮಕ್ಕಳು ಓದಬಹುದಲ್ವಾ? ಕಲ್ಪನೆಯ ಒಬ್ಬಳನ್ನು ಇಟ್ಟುಕೊಂಡೆ.

ಮೊದಲ ಕರಡಿನಲ್ಲಿ ಅವಳು ಹನ್ನೆರಡು ಪುಟ ಅತ್ತಳು. ಓದಿದ ಗೆಳತಿ, "ಇವಳಿಗೆ ಅಳೋದು ಬಿಟ್ಟು ಬೇರೆ ಕೆಲಸ ಇಲ್ವೇನೇ?" ಅಂದಳು. ಸಿಟ್ಟು ಬಂತು. ವಾರ ಬಿಟ್ಟು ಓದಿದರೆ ಅವಳು ಹೇಳಿದ್ದೇ ಸರಿ. ಗಂಡಸರ ಶೌರ್ಯಕ್ಕೆ ಹಿನ್ನೆಲೆ ಸಂಗೀತ ಬೇಕಿತ್ತು, ಅದಕ್ಕೆ ಅವಳು ಅಳುವ ಹಾಗೆ ಮಾಡಿದ್ದೆ.

ಶಿಕಾರಿಪುರದ ಕಡೆ ನೆಂಟರ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅತ್ತೆ ಹೇಳಿದ್ದನ್ನು ಅವರು ಹೇಳಿದರು. "ಓಡು ಓಡು ಅಂದ್ರಂತೆ. ನಮ್ಮತ್ತೆ ವಾಪಸ್ ಹೋಗಿ ಹಸುವಿನ ಕಣ್ಣಿ ಬಿಚ್ಚಿ ಬಂದ್ರಂತೆ. ಕಾಡಲ್ಲಿ ಒಲೆ ಹಚ್ಚೋ ಹಾಗಿಲ್ಲ, ಹೊಗೆ ಕಾಣ್ತದೆ. ಅಕ್ಕಿ ನೆನೆಸಿ ಹಾಗೇ ತಿಂದ್ರು. ಮಗು ಅತ್ತರೆ ಎಲ್ಲಾರೂ ಇವರನ್ನೇ ನೋಡೋರಂತೆ."

ಆ ಕೊನೆ ಮಾತು ಸಾಕಾಯಿತು. ಪೊಲೀಸರ ಭಯ ಒಂದು ಕಡೆ, ಸ್ವಂತ ಊರವರ ಕಣ್ಣಿನ ಭಯ ಇನ್ನೊಂದು ಕಡೆ. ಎರಡನೇ ಕರಡು ಮಗುವಿನ ಬಾಯಿ ಮೇಲಿನ ಅವಳ ಅಂಗೈಯಿಂದ ಶುರುವಾಯಿತು.

ಕರಡಿನಲ್ಲಿ ಅತ್ಯಾಚಾರದ ದೃಶ್ಯವೂ ಒಂದಿತ್ತು. ನಾನೇ ಕಟ್ಟಿದ್ದು, ಯಾರೂ ಹೇಳಿದ್ದಲ್ಲ. ಓದುಗರಿಗೆ ಸುಮ್ನೆ ಕಿಟಕಿ ತೆಗೆದುಕೊಟ್ಟ ಹಾಗಿತ್ತು, ಕಿತ್ತು ಹಾಕಿದೆ. ಅದರ ಬದಲು ವಾಪಸ್ ಬಂದ ಮೇಲಿನ ಮನೆ ಬರೆದೆ. ಒಡೆದ ಮಡಕೆ, ಖಾಲಿ ಕಣಜ, ಯಾರೋ ಉಚ್ಚೆ ಹೊಯ್ದ ಒಲೆ. ಅವಳು ಒಲೆಗೆ ಮೂರು ಸಲ ಸಗಣಿ ಸಾರಿಸುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಇಡೀ ಕಥೆಯಲ್ಲಿ ನನಗೆ ಜಾಸ್ತಿ ನಂಬಿಕೆ ಇರುವುದು ಆ ಅರ್ಧ ಪುಟದ ಮೇಲೆ.

ಅಚ್ಚಾದ ಮೇಲೆ ಅಜ್ಜಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. "ಕಣ್ಣಿ ತೆಂಗಿನ ನಾರಿಂದು ಅಂತ ಬರ್ದೀಯಲ್ಲ," ಅಂದರು. "ನಮ್ಮಲ್ಲಿ ಪುಂಡಿ ನಾರು ಕಣವ್ವಾ."