ಮೊಟ್ಟೆ ಒಡೆದ ಮೇಲೆ ಟ್ರಾಲಿ ಬಂತು: ಇಎನ್‌ಟಿ ಓಟಿ ಕಲಿಸಿದ ನನ್ನ ಅನುಭವ

ಆಪರೇಷನ್ ಥಿಯೇಟರ್ (ಓಟಿ) ಟೆಕ್ನಾಲಜಿ ಓದುವ ಹುಡುಗರಿಗೆ, ಕಿವಿ, ಮೂಗು, ಗಂಟಲಿನ (ಇಎನ್‌ಟಿ) ಕೇಸಿನಲ್ಲಿ ಸರ್ಜನ್ ಕೈಗೆ ಸಾಮಾನು ಕೊಡುವುದನ್ನು ಕಲಿಸುವವನು ನಾನು. ಹೋದ ತಿಂಗಳು ನಮ್ಮ ಎರಡನೇ ವರ್ಷದ ಹುಡುಗಿಯೊಬ್ಬಳು ಟಿಂಪನೋಪ್ಲಾಸ್ಟಿ (ತೂತಾದ ಕಿವಿತಮಟೆ ಸರಿಮಾಡುವ ಆಪರೇಷನ್) ಕೇಸಿಗೆ ಸ್ಕ್ರಬ್ ಆಗಿದ್ದಳು, ಅಂದರೆ ಕೈ ತೊಳೆದು ಗ್ಲೌಸ್ ಹಾಕಿ ಸಾಮಾನು ಕೊಡಲು ನಿಂತಿದ್ದಳು. ಒಂದೂವರೆ ಗಂಟೆಯ ಕೇಸು. ಅಷ್ಟರಲ್ಲಿ ಸರ್ಜನ್ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದದ್ದು ಎರಡೇ ಸಲ. ಮುಗಿದ ಮೇಲೆ ಗ್ಲೌಸ್ ಬಿಚ್ಚುತ್ತಾ, "ಇವತ್ತು ಯಾವ ಸಿಸ್ಟರ್ ಇದ್ದದ್ದು?" ಎಂದು ಕೇಳಿದರು. "ಸಿಸ್ಟರ್ ಅಲ್ಲ ಸರ್, ನಮ್ಮ ಸ್ಟೂಡೆಂಟ್" ಎಂದೆ. ಅವರು ಏನೂ ಹೇಳಲಿಲ್ಲ. ಹುಬ್ಬು ಮಾತ್ರ ಮೇಲೆ ಹೋಯಿತು.

ನಾಲ್ಕು ವರ್ಷದ ಹಿಂದೆ ಇದೇ ಸರ್, "ಓಟಿ ಹುಡುಗರ ಕೈಗೆ ಡ್ರಿಲ್ ಕೊಡ್ತೀಯೇನಯ್ಯಾ? ನಾಳೆ ಅವರೇ ಕಿವಿ ಕೊರೀತಾರೆ ನೋಡು" ಎಂದು ಎಲ್ಲರೆದುರು ನಕ್ಕಿದ್ದರು. ಆ ಹುಬ್ಬಿನ ಖುಷಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಸುಳ್ಳು ಯಾಕೆ ಹೇಳಲಿ?

ಮೊದಲು ನಾನೂ ಎಲ್ಲರ ಹಾಗೇ ಕಲಿಸುತ್ತಿದ್ದೆ. ಹಸಿರು ಬಟ್ಟೆ ಹಾಸಿ, ಐವತ್ತು ಅರವತ್ತು ಇನ್‌ಸ್ಟ್ರುಮೆಂಟ್ ಸಾಲಾಗಿ ಜೋಡಿಸಿ, ಒಂದೊಂದನ್ನೇ ಎತ್ತಿ ಹೆಸರು ಹೇಳುವುದು. ಹುಡುಗರು ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. ವೈವಾದಲ್ಲಿ ಪಟಪಟ ಹೇಳುತ್ತಿದ್ದರು ಕೂಡ. ಬಾಯಿ ತೆರೆದು ಹಿಡಿಯುವ ಬಾಯ್ಲ್ ಡೇವಿಸ್ ಗ್ಯಾಗ್ ತೋರಿಸುವಾಗ, ಈ ಬಾಯ್ಲ್ ಬೇರೆ ಯಾರೂ ಅಲ್ಲ, ನೀವು ದಿನಾ ಚೆಕ್ ಮಾಡುವ, ಅರಿವಳಿಕೆ ಕೊಡುವ ಬಾಯ್ಲ್ಸ್ ಮಷೀನಿನ ಬಾಯ್ಲೇ ಎಂದರೆ ಕಣ್ಣರಳಿಸುತ್ತಿದ್ದರು. ನಮ್ಮವರು ಅನಸ್ತೇಶಿಯಾವನ್ನೂ ಓದುವವರಲ್ವಾ, ಅದು ಬೇಗ ನಾಟುತ್ತದೆ.

ಆದರೆ ಕೇಸಿಗೆ ನಿಲ್ಲಿಸಿದರೆ ಕಥೆಯೇ ಬೇರೆ. ಕಿವಿ ಕೇಸಿನಲ್ಲಿ ಸರ್ಜನ್ ಕೈ ಕಿವಿಯಲ್ಲಿಟ್ಟ ಸ್ಪೆಕ್ಯುಲಮ್ ಕೊಳವೆಯ ಹತ್ತಿರದಿಂದ ಎರಡು ಇಂಚು ಕೂಡ ಸರಿಯಬಾರದು. ನಾವೇ ಆ ಕೈಗೆ ತಂದು ಮುಟ್ಟಿಸಬೇಕು. ಹಿಡಿ ಅವರ ಬೆರಳ ನಡುವೆ ಪೆನ್ನಿನ ಹಾಗೆ ಕೂರಬೇಕು, ತುದಿ ಕಿವಿಯ ಕಡೆ ಇಳಿದಿರಬೇಕು, ಬಾಗು ಎತ್ತ ಬೇಕೋ ಅತ್ತಲೇ ಇರಬೇಕು. ನಮ್ಮ ಹುಡುಗರು ಸಿಕಲ್ ನೈಫನ್ನು (ಕುಡುಗೋಲಿನಂಥ ಪುಟ್ಟ ಚಾಕು) ಕತ್ತರಿ ಕೊಟ್ಟ ಹಾಗೆ ಅಂಗೈಗೆ ಪಟ್ ಅಂತ ಬಡಿಯುತ್ತಿದ್ದರು. ಸರ್ ಕಣ್ಣು ತೆಗೆದು, ತಿರುಗಿಸಿಕೊಂಡು, ಮತ್ತೆ ಫೋಕಸ್ ಹುಡುಕಬೇಕು. ಮೂರನೇ ಸಲಕ್ಕೆ "ಸಿಸ್ಟರನ್ನ ಕರೀರಿ" ಎನ್ನುವ ಕೂಗು. ಹುಡುಗ ಗೋಡೆ ಸೇರುತ್ತಿದ್ದ. ಆಮೇಲೆ ಇಎನ್‌ಟಿ ಪೋಸ್ಟಿಂಗ್ ಎಂದರೆ ಗೋಡೆಗೆ ಒರಗಿ ನಿಲ್ಲುವುದು ಎಂದಾಗಿಬಿಟ್ಟಿತ್ತು.

ಏನೇನೋ ಮಾಡಿ ನೋಡಿದೆ. ಮೊದಲು ಜೇಡಿಮಣ್ಣಿನ ಕಿವಿ. ಎರಡು ಭಾನುವಾರ ಕೂತು ಮಾಡಿದ್ದೆ, ಒಣಗಿ ಬಿರುಕು ಬಿಟ್ಟಿತು. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ, ಮುಟ್ಟಿ ಗುರುತಿಸುವ ಆಟ. ಹುಡುಗರಿಗೆ ಭಾರಿ ಇಷ್ಟವಾಯಿತು. ಮೂರನೇ ದಿನ ಒಬ್ಬನ ಬೆರಳಿಗೆ ಪಿಕ್ (ಸೂಜಿಯಂಥ ಮೊನೆಯ ಸಾಮಾನು) ಚುಚ್ಚಿತು. ಕೇಸಿಗೆ ಬಳಸದ, ಆಟೋಕ್ಲೇವ್ ಆದ ಪಿಕ್ಕೇ ಆಗಿದ್ದರೂ ರಿಪೋರ್ಟ್, ಇಂಜೆಕ್ಷನ್, ಮೇಲಿನವರಿಂದ ಮಂಗಳಾರತಿ ಎಲ್ಲ ಆಯಿತು. ಆಟ ಅಲ್ಲಿಗೆ ಬಂದ್. ಈಗ ಯೋಚಿಸಿದರೆ ನನ್ನದೇ ದಡ್ಡತನ. ಮೈಕ್ರೋ ಸೆಟ್ಟಿನ ತುದಿಯನ್ನು ಮುಟ್ಟಿ ಗುರುತಿಸಬೇಕು ಅಂತ ಯಾವ ಓಟಿಯಲ್ಲಿ ಇದೆ?

ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ಸ್ನಾತಕೋತ್ತರ ಓದುವ ಡಾಕ್ಟರ್ (ಪಿಜಿ) ಒಬ್ಬರು, ಕಿವಿಯ ಹಿಂದಿನ ಮಾಸ್ಟಾಯ್ಡ್ ಮೂಳೆ ಕೊರೆಯುವ ಅಭ್ಯಾಸಕ್ಕೆ ಹಸಿ ಮೊಟ್ಟೆ ಕೊರೆಯುತ್ತಿದ್ದರು. ಇದು ಹೊಸದೇನಲ್ಲ. ಚಿಪ್ಪು ಹೋಗಬೇಕು, ಒಳಗಿನ ಬಿಳಿ ಪೊರೆ ಹರಿಯಬಾರದು. ನಾನು ಪಕ್ಕದಲ್ಲಿ ನಿಂತು ಸಿರಿಂಜಿನಲ್ಲಿ ಸಲೈನ್ ಬಿಡುತ್ತಿದ್ದೆ. "ನೀವೂ ಒಮ್ಮೆ ಕೂತ್ಕೊಳ್ಳಿ" ಎಂದು ಕುರ್ಚಿ ಬಿಟ್ಟುಕೊಟ್ಟರು. ಕೂತೆ. ಅವರು ನೀರು ಬಿಡಲು ಶುರು ಮಾಡಿದರು. ಅವರ ಸಿರಿಂಜ್ ಸರಿಯಾಗಿ ನನ್ನ ನೋಟಕ್ಕೆ ಅಡ್ಡ ಬಂತು! ಹದಿನಾಲ್ಕು ವರ್ಷ ನಾನು ಇನ್ನೊಬ್ಬರ ನೋಟಕ್ಕೆ ಹೀಗೇ ಅಡ್ಡ ಬಂದಿರಬೇಕು ಅಂತ ಆ ಕ್ಷಣ ಹೊಳೆಯಿತು.

ಅಷ್ಟೇ ನನ್ನ ಪದ್ಧತಿ. ಸ್ಕ್ರಬ್ ಕಲಿಯುವವರನ್ನು ಮೊದಲು ಸರ್ಜನ್ ಕುರ್ಚಿಯಲ್ಲಿ ಕೂರಿಸುವುದು. ಇಬ್ಬಿಬ್ಬರ ಜೋಡಿ. ಒಬ್ಬರು ಮೊಟ್ಟೆ ಕೊರೆಯಬೇಕು, ಇನ್ನೊಬ್ಬರು ಟ್ರಾಲಿಯಿಂದ ಕೊಡಬೇಕು. ಲೈಟ್ ಆರಿಸಿರುತ್ತೇನೆ, ಮೈಕ್ರೋಸ್ಕೋಪಿನ ಬೆಳಕು ಮಾತ್ರ. ಎಂಟಾಣೆ ಅಗಲದ ಕಿಟಕಿ ತೆಗೆಯಬೇಕು. ಶುರುವಿಗೆ ಕಟಿಂಗ್ ಬರ್ (ಡ್ರಿಲ್ಲಿಗೆ ಹಾಕುವ ಹಲ್ಲಿನ ತುದಿ), ಪೊರೆ ಹತ್ತಿರ ಬಂದಾಗ ನಯವಾಗಿ ಸವೆಸುವ ಡೈಮಂಡ್ ಬರ್. ಬರ್ ಬದಲಾಯಿಸಿ ಕೊಡುವವರು ತಡ ಮಾಡಿದರೆ, ಕೂತವರು ಅವಸರಪಟ್ಟು ಕಟಿಂಗ್ ಬರ್‌ನಲ್ಲೇ ಮುಂದುವರಿಯುತ್ತಾರೆ. ಅದು ಚಿಪ್ಪಿನ ಮೇಲೆ ಜಾರುತ್ತದೆ, ಪೊರೆ ಹರಿಯುತ್ತದೆ, ಲೋಳೆ ಹೊರಗೆ. ನೀರು ನಿಂತರೆ ಸುಟ್ಟ ವಾಸನೆ ಬರುತ್ತದೆ. ಆಗ ನಾನು ಬಾಯಿ ಬಿಡಬೇಕಿಲ್ಲ, ಕುರ್ಚಿಯಲ್ಲಿರುವ ಗೆಳತಿಯೇ "ನೀರು ಕಣೇ, ನೀರು!" ಎಂದು ಬೈಯುತ್ತಾಳೆ. ಆಮೇಲೆ ಜಾಗ ಅದಲುಬದಲು. ಬೈಸಿಕೊಂಡವಳು ಕುರ್ಚಿಗೆ.

ಮೊದಲ ಬ್ಯಾಚಿನಲ್ಲಿ ಹದಿನೆಂಟು ಜನ. ಮೊದಲ ದಿನ ಹೆಚ್ಚುಕಡಿಮೆ ಎಲ್ಲ ಮೊಟ್ಟೆಯೂ ಒಡೆದವು. ನಾಲ್ಕನೇ ವಾರಕ್ಕೆ ಹತ್ತರಲ್ಲಿ ಏಳೋ ಎಂಟೋ ಪೊರೆ ಉಳಿಯುತ್ತಿತ್ತು. ನನಗೆ ಬೇಕಿದ್ದದ್ದು ಪೊರೆ ಅಲ್ಲ ಬಿಡಿ. ಕೊಡುವ ಕೈ ಬದಲಾಗಿತ್ತು. ಕೇಳುವ ಮೊದಲೇ ಡೈಮಂಡ್ ಹಾಕಿದ ಎರಡನೇ ಹ್ಯಾಂಡ್‌ಪೀಸ್ (ಡ್ರಿಲ್ಲಿನ ಹಿಡಿ) ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು.

ಈಗ ದುಡ್ಡಿನ ವಿಷಯ. ಓಟಿ ಡ್ರಿಲ್ ಮುಟ್ಟಲು ಯಾರೂ ಬಿಡಲ್ಲ. ದಂತ ಲ್ಯಾಬಿನವರಿಂದ ಹಳೆ ಮೈಕ್ರೋಮೋಟಾರ್ (ಸಣ್ಣ ಡ್ರಿಲ್) ನಾಲ್ಕೂವರೆ ಸಾವಿರಕ್ಕೆ ತಂದೆ. ಓಟಿಯಲ್ಲಿ ಸವೆದು ಬಿಸಾಡುವ ಬರ್‌ಗಳ ಶ್ಯಾಂಕ್ (ಹಿಡಿಯೊಳಗೆ ಕೂರುವ ಕಡ್ಡಿ) ಅದಕ್ಕೆ ಸರಿಯಾಗಿ ಕೂತಿತು, ಅದು ಅದೃಷ್ಟ. ಮೈಕ್ರೋಸ್ಕೋಪಿಗೆ ಮೊದಲು ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸ್ ತಂದಿದ್ದೆ. ಎಂಬತ್ತು ರೂಪಾಯಿ ದಂಡ. ಒಂದೇ ಕಣ್ಣಿಗೆ ಆಳ ಗೊತ್ತಾಗುವುದಿಲ್ಲ. ಕೊನೆಗೆ ಓಪಿಡಿ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಹಳೆ ಮೈಕ್ರೋಸ್ಕೋಪೊಂದನ್ನು ಕೇಳಿ ತಂದೆ. ಲೆನ್ಸಿಗೆ ಫಂಗಸ್ ಹಿಡಿದಿತ್ತು. ಬೆಂಗಳೂರಿಗೆ ಕಳಿಸಿ ತೊಳೆಸಲು ಆರು ಸಾವಿರ ಚಿಲ್ಲರೆ. ಕಾಲೇಜು ಕೊಟ್ಟದ್ದು ಎರಡು ಸಾವಿರ, ಅದೂ ಎಂಟು ತಿಂಗಳ ಮೇಲೆ. ಮೊಟ್ಟೆ ಟ್ರೇಗೆ ಆಗ ನೂರೈವತ್ತರ ಆಸುಪಾಸು. ಒಂದು ಬ್ಯಾಚಿಗೆ ಹತ್ತು ಟ್ರೇ ಹಿಡಿಯಿರಿ.

ಮೊಟ್ಟೆ ಅಲ್ಲಾಡದಂತೆ ಕೂರಿಸುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಪಿಂಗಾಣಿ ಬಟ್ಟಲೂ ಅಲ್ಲ, ಪ್ಲಾಸ್ಟರ್ ಕೂಡ ಅಲ್ಲ. ಅದನ್ನು ಇಲ್ಲಿ ಹೇಳಲ್ಲ, ಬಂದು ನೋಡಿದವರಿಗೆ ತೋರಿಸುತ್ತೇನೆ.

ನಮ್ಮಲ್ಲಿ ಮೊಟ್ಟೆ ಮುಟ್ಟದ ಹುಡುಗರೂ ಇದ್ದಾರೆ. ಒಬ್ಬಳು "ಸರ್, ಮನೇಲಿ ಗೊತ್ತಾದ್ರೆ ಒಳಗೆ ಬಿಡಲ್ಲ" ಎಂದಳು. ಅವಳಿಗೆ ತೆಂಗಿನ ಕರಟ ಕೊಟ್ಟೆ. ಹೊಗೆ, ವಾಸನೆ, ಎರಡು ಬರ್ ಹಾಳು. ಆಮೇಲೆ ದಪ್ಪ ಮೆಣಸಿನಕಾಯಿಗೆ ಬಂದೆವು. ತೊಟ್ಟಿನ ಕಡೆ ತೂತು ಮಾಡಿ, ಒಳಗೆ ಕ್ಯಾಮೆರಾ ಬಿಟ್ಟು, ಬ್ಲೇಕ್ಸ್ಲಿ ಎಂಬ ಮೂಗಿನ ಚಿಮಟದಲ್ಲಿ ಬೀಜ ಒಂದೊಂದಾಗಿ ಕೀಳುವುದು. ಫೆಸ್ (ಮೂಗಿನೊಳಗೆ ಸ್ಕೋಪ್ ಬಿಟ್ಟು ಮಾಡುವ ಸೈನಸ್ ಆಪರೇಷನ್) ಕಲಿಸಲು ಇಷ್ಟು ಒಳ್ಳೆಯ, ಇಷ್ಟು ಅಗ್ಗದ ಸಾಮಾನು ಇನ್ನೊಂದಿಲ್ಲ. ಫೋನಿಗೆ ಸಿಕ್ಕಿಸುವ ಏಳುನೂರು ರೂಪಾಯಿಯ ಕ್ಯಾಮೆರಾ ಸಾಕು. ಮೂಗಿನೊಳಗೆ ನೋಡುವ ಒಳ್ಳೆ ಟೆಲಿಸ್ಕೋಪ್ ಮಾತ್ರ ಅಭ್ಯಾಸಕ್ಕೆ ಕೊಡಬೇಡಿ. ಹಿಂದೊಮ್ಮೆ ಒಬ್ಬ ಹುಡುಗ 0 ಡಿಗ್ರಿ ಸ್ಕೋಪನ್ನು (ನೇರ ಎದುರಿಗೆ ತೋರಿಸುವಂಥದ್ದು) ಲುಕ್ಸ್ ಫೋರ್ಸೆಪ್ಸ್ ಎಂಬ ಲೋಹದ ಚಿಮಟದ ಜೊತೆ ಒಂದೇ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ. ರಿಪೇರಿ ಬಿಲ್ಲು ಮೂವತ್ತು ಸಾವಿರದ ಮೇಲೆ. ಅದರಲ್ಲಿ ಒಂದು ಪಾಲು ನನ್ನ ಸಂಬಳದಲ್ಲಿ ಮೂರು ಕಂತಾಗಿ ಹಿಡಿದರು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕತ್ತಲಲ್ಲಿ ಮಾಡಿಸಿದ್ದರಿಂದ ನಾನು ಎಣಿಸದೇ ಇದ್ದದ್ದೂ ಹೊರಗೆ ಬಂತು. ನಮ್ಮ ಸ್ಟೋರ್ಜ್ ಕಂಪನಿಯ ಸ್ಕೋಪಿನಲ್ಲಿ ಹಸಿರು ಉಂಗುರ ಎಂದರೆ 0 ಡಿಗ್ರಿ, ಕೆಂಪು ಎಂದರೆ ಓರೆಯಾಗಿ ತೋರಿಸುವ 30 ಡಿಗ್ರಿ. ಪಾಠದಲ್ಲಿ ಎಲ್ಲರಿಗೂ ಗೊತ್ತು. ಲೈಟ್ ಆರಿದ ಮೇಲೆ ಎರಡೂ ಕಪ್ಪೇ. ಹಾಗಾಗಿ ಸ್ಕೋಪ್ ಇಡುವ ಜಾಗ ಲೈಟ್ ಆರುವ ಮೊದಲೇ ಗಟ್ಟಿ ಆಗಬೇಕು. ಇನ್ನೊಂದು, ಹಳೆ ಮೈಕ್ರೋಸ್ಕೋಪಿನ ಲೆನ್ಸ್. ಹಿಂದಿನ ದಿನ ಗಂಟಲಿನ ಕೇಸಿಗೆ 400 (ಅಷ್ಟು ಮಿಲಿಮೀಟರ್ ದೂರಕ್ಕೆ ಫೋಕಸ್ ಆಗುವ ಲೆನ್ಸ್) ಹಾಕಿ, ಕಿವಿ ಕೇಸಿಗೆ 200 ಹಾಕಲು ಮರೆತರೆ ಸರ್ಜನ್ ಎಷ್ಟು ಬಗ್ಗಿದರೂ ಫೋಕಸ್ ಸಿಗಲ್ಲ. ನಾನು ಬೇಕಂತಲೇ 400 ಹಾಕಿಟ್ಟು ಹೊರಗೆ ಹೋಗುತ್ತೇನೆ. ಕುರ್ಚಿಯಲ್ಲಿ ಕೂತು ಐದು ನಿಮಿಷ ಒದ್ದಾಡಿದವರು ಜನ್ಮದಲ್ಲಿ ಮರೆಯಲ್ಲ. ಬಲಗಿವಿ ಆದ ಮೇಲೆ ಎಡಗಿವಿ ಅಂದುಬಿಟ್ಟು, ಇಡೀ ಟ್ರಾಲಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಕಿಸುತ್ತೇನೆ. ಅದರಲ್ಲಿ ನನ್ನ ಮೈಕ್ರೋ ಟ್ರೇ ಜೋಡಣೆಯ ಕ್ರಮ ಇದೆಯಲ್ಲ, ಅದೂ ನನ್ನ ಹತ್ತಿರವೇ ಇರಲಿ.

ಕುರಿ ತಲೆಯ ಪ್ರಸಂಗ ಹೇಳದೆ ಹೋದರೆ ನಮ್ಮ ಸಿಸ್ಟರುಗಳು ಬಿಡಲ್ಲ. ಮಟನ್ ಅಂಗಡಿಯಿಂದ ಎರಡು ತಲೆ, ನಾಲ್ಕು ಶ್ವಾಸನಾಳ ತಂದು, ಕವರಿನಲ್ಲಿ ಕಟ್ಟಿ, ಸ್ಟಾಫ್ ರೂಮಿನ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಮೊಸರಿಗೆ ಅಂತ ಬಾಗಿಲು ತೆಗೆದ ಇನ್‌ಚಾರ್ಜ್ ಸಿಸ್ಟರ್ ಕೂಗಿದ್ದು ಕ್ಯಾಶುವಾಲ್ಟಿವರೆಗೆ ಕೇಳಿತಂತೆ. ಆವತ್ತಿನಿಂದ ನನ್ನ ಥರ್ಮೋಕೋಲ್ ಡಬ್ಬಿ ನನ್ನ ಬೈಕಿನಲ್ಲೇ. ತಲೆ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಶ್ವಾಸನಾಳ ಬಂತು.

ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಟ್ಯೂಬ್ ಬಿಟ್ಟು ಸಿಕ್ಕಿಕೊಂಡದ್ದನ್ನು ತೆಗೆಯುವುದು) ಸೆಟ್ ಜೋಡಿಸಲು ನಮ್ಮವರು ಏಳೆಂಟು ನಿಮಿಷ ತೆಗೆದುಕೊಳ್ಳುತ್ತಿದ್ದರು. ಟ್ಯೂಬಿಗೆ ಹೊಂದದ ಉದ್ದದ ಫೋರ್ಸೆಪ್ಸ್ ತೆಗೆಯುವುದು, ಬೆಳಕನ್ನು ಟ್ಯೂಬಿನೊಳಗೆ ತಿರುಗಿಸುವ ಪ್ರಿಸಂ ಮರೆಯುವುದು, ಕೇಬಲ್ ಅಡಾಪ್ಟರ್ ಹುಡುಕುವುದು. ಮಕ್ಕಳ ಶ್ವಾಸನಾಳಕ್ಕೆ ಹೋಗುವುದು ಮಲೆನಾಡ ಕಡೆ ಅಡಿಕೆ ಚೂರು, ಬಯಲಿನಲ್ಲಿ ಶೇಂಗಾ. ಅಂಥ ಮಗು ಟೇಬಲ್ ಮೇಲಿದ್ದಾಗ ಏಳು ನಿಮಿಷ ಎಲ್ಲಿಂದ ತರೋದು? ಜರ್ಮನ್ ಡಾಕ್ಟರ್ ಗುಸ್ತಾವ್ ಕಿಲಿಯನ್ 1897ರಲ್ಲಿ ರೈತನೊಬ್ಬನ ಶ್ವಾಸನಾಳದ ಕವಲಿನಿಂದ ಮೂಳೆ ತೆಗೆದ ಕಥೆ ಹೇಳಿ ಪ್ರಯೋಜನವಿಲ್ಲ, ಕೈ ಓಡಬೇಕು. ಶೇಂಗಾ ಬೀಜವನ್ನು ರಾತ್ರಿ ನೆನೆಹಾಕಿ, ಕುರಿಯ ಶ್ವಾಸನಾಳದೊಳಗೆ ತಳ್ಳಿ, ಫೋನಿನಲ್ಲಿ ಟೈಮರ್ ಇಟ್ಟೆ. ಇಲ್ಲೂ ಅದೇ ನಿಯಮ, ಜೋಡಿಸಿದವರೇ ತೆಗೆಯಬೇಕು. ನೆನೆದ ಶೇಂಗಾ ಗಟ್ಟಿಯಾಗಿ ಹಿಡಿದರೆ ಪುಡಿಯಾಗುತ್ತದೆ, ಚೂರು ಇನ್ನೂ ಕೆಳಗೆ ಜಾರುತ್ತದೆ. ಹಲ್ಲಿರುವ ಅಲಿಗೇಟರ್ ಫೋರ್ಸೆಪ್ಸ್ ಯಾಕೆ ಬೇಡ, ಮೆಲ್ಲಗೆ ಹಿಡಿಯುವ ಶೇಂಗಾ ಫೋರ್ಸೆಪ್ಸೇ ಯಾಕೆ ಬೇಕು ಅಂತ ಒಮ್ಮೆ ಪುಡಿ ಮಾಡಿದವರಿಗೆ ತಾನಾಗಿ ಗೊತ್ತಾಗುತ್ತದೆ. ಆರು ವಾರಕ್ಕೆ ಮೂರು ನಿಮಿಷದ ಒಳಗೆ ಬಂದರು.

ಒಂದು ರಾತ್ರಿ ಎರಡು ಗಂಟೆಗೆ ಅಂಥ ಮಗು ಬಂತು. ಡ್ಯೂಟಿಯಲ್ಲಿ ಇದ್ದವನು ನಮ್ಮ ಇಂಟರ್ನ್. ನಾನು ಮನೆಯಿಂದ ಬೈಕಿನಲ್ಲಿ ಬರುವಷ್ಟರಲ್ಲಿ ಟ್ರಾಲಿ ಸಿದ್ಧ, 3.5 ಸೈಜಿನ ಟ್ಯೂಬಿನ ಪಕ್ಕ ಅದಕ್ಕಿಂತ ಸಣ್ಣ ಟ್ಯೂಬೂ ಸಿದ್ಧ, ಲೈಟ್ ಚೆಕ್ ಆಗಿತ್ತು. ಶೇಂಗಾ ಇಡಿಯಾಗಿ ಬಂತು. ಹುಡುಗ ಅದನ್ನು ಬಟ್ಟಲಿನಲ್ಲಿ ಹಾಕಿ ನನ್ನ ಕಡೆ ನೋಡಿ, "ಸರ್, ಇದು ನೆನೆಹಾಕಿದ್ದಕ್ಕಿಂತ ಮೆತ್ತಗಿದೆ" ಎಂದ.

ಇಷ್ಟಾದರೂ ಥ್ರೋಟ್ ಪ್ಯಾಕ್ (ರಕ್ತ ಕೆಳಗಿಳಿಯದಂತೆ ಗಂಟಲಿಗೆ ತುರುಕುವ ಬಟ್ಟೆ) ವಿಷಯದಲ್ಲಿ ನನ್ನ ಕುರ್ಚಿ ಪದ್ಧತಿ ಕೆಲಸ ಮಾಡಿಲ್ಲ. ಒಳಗೆ ಹೋದದ್ದನ್ನು ಬೋರ್ಡಿನಲ್ಲಿ ಬರೆಯಬೇಕು, ಹೊರಗೆ ಬಂದಾಗ ಜೋರಾಗಿ ಹೇಳಬೇಕು. ಇದನ್ನು ಈಗಲೂ ಬೈದೇ ಕಲಿಸುತ್ತೇನೆ.

ಮುಂದಿನ ಸೋಮವಾರ ಹೊಸ ಬ್ಯಾಚ್. ಅಂಗಡಿಯವನಿಗೆ ಎರಡು ಟ್ರೇ ಹೇಳಿದ್ದೇನೆ. ಹುಬ್ಬೇರಿಸಿದ ಸರ್ ಮೊನ್ನೆ ಕಾರಿಡಾರಿನಲ್ಲಿ ಸಿಕ್ಕಿ, "ನಮ್ಮ ಹೊಸ ಪಿಜಿಗಳನ್ನೂ ನಿನ್ನ ಟ್ರಾಲಿ ಕಡೆ ನಾಲ್ಕು ದಿನ ನಿಲ್ಲಿಸ್ಕೋ" ಎಂದರು. ಆಗಲಿ ಸರ್ ಎಂದೆ. ಅವರ ಮೊಟ್ಟೆ ದುಡ್ಡು ಮಾತ್ರ ಅವರೇ ಕೊಡಬೇಕು.