ಮಾಂಡೋವಿಯ ಕೆಸರಿನಲ್ಲಿ ವಿದ್ಯುದ್ವಾರ ಹೂತ ಅನುಭವ

ನಮ್ಮಲ್ಲಿ ಮಹದಾಯಿ ಎಂದು ಹುಟ್ಟುವ ನದಿ ಗೋವಾದಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಕಡಲು ಸೇರುತ್ತದೆ. ಅಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರನ್ನು ಇಳಿತದ ಹೊತ್ತಿನಲ್ಲಿ ಅಗೆದು ನೋಡಿದರೆ ಮೇಲೊಂದು ತೆಳುವಾದ ಕಂದು ಪದರ, ಅದರ ಕೆಳಗೆಲ್ಲ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಮಣ್ಣು. ಆಮ್ಲಜನಕ ತಲುಪದ ಆ ಆಳದಲ್ಲಿ ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಸಾವಯವ ಪದಾರ್ಥವನ್ನು ತಿಂದು, ಉಳಿದ ಎಲೆಕ್ಟ್ರಾನುಗಳನ್ನು ತಮ್ಮ ಜೀವಕೋಶದ ಹೊರಗಿರುವ ಕಬ್ಬಿಣದ ಆಕ್ಸೈಡಿಗೆ ದಾಟಿಸಿ ಬದುಕುತ್ತವೆ. ಕಬ್ಬಿಣದ ಬದಲು ಗ್ರಾಫೈಟ್ ಕೊಟ್ಟರೆ ಅದನ್ನೂ ಒಪ್ಪಿಕೊಳ್ಳುತ್ತವೆ. ಡಬ್ಬಿಗೆ ತುಂಬಿದ ಕೆಸರಿನಲ್ಲಿ ಹೂತ ಗ್ರಾಫೈಟ್ ವಿದ್ಯುದ್ವಾರವನ್ನು (ಆನೋಡ್) ಮೇಲಿನ ನೀರಿನಲ್ಲಿರುವ ಇನ್ನೊಂದಕ್ಕೆ (ಕ್ಯಾಥೋಡ್) ತಂತಿಯಿಂದ ಜೋಡಿಸಿದರೆ ಆ ಎಲೆಕ್ಟ್ರಾನುಗಳು ವಿದ್ಯುತ್ ಪ್ರವಾಹವಾಗಿ ಹರಿದು ಮೇಲಿನ ಆಮ್ಲಜನಕವನ್ನು ಸೇರುತ್ತವೆ. ಹೀಗೆ ಕೆಸರನ್ನು ಶುದ್ಧಗೊಳಿಸಬಹುದೇ ಎಂದು ನೋಡುವುದೇ ನನ್ನ ಪ್ರಯೋಗ. ಕಬ್ಬಿಣದ ಅದಿರಿನ ಸೀಮೆಯಿಂದ ಹರಿದು ಬರುವ ಈ ನದಿಯ ಕೆಸರಿಗೆ ಹೊರಗಿನಿಂದ ಬ್ಯಾಕ್ಟೀರಿಯಾ ತಂದು ಸೇರಿಸುವ ಅಗತ್ಯ ನನಗೆ ಕಾಣಲಿಲ್ಲ.

ಹೆಚ್ಚಿನ ಶ್ರಮ ಹಿಡಿದದ್ದು ಆನೋಡ್. ಅದಕ್ಕೆ ಬಳಸಿದ ಗ್ರಾಫೈಟ್ ಫೆಲ್ಟ್ (ಗ್ರಾಫೈಟ್ ನಾರಿನ ಕಂಬಳಿಯಂಥ ಹಾಳೆ) ಹೊಸದಿದ್ದಾಗ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಆಲ್ಕೋಹಾಲಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಗುಳ್ಳೆಗಳೆಲ್ಲ ಹೋಗುವಂತೆ ನೀರಿನೊಳಗೇ ಹಿಂಡಿ ಬಳಸಿದೆ. ಟೈಟಾನಿಯಂ ತಂತಿಯನ್ನು ಫೆಲ್ಟಿನಲ್ಲಿ ಹೊಲಿಗೆಯಂತೆ ಹಲವು ಕಡೆ ತೂರಿಸಿ ಬಿಗಿದೆ. ಇಲ್ಲಿ ತಾಮ್ರದ ತಂತಿ ಸಲ್ಲದು. ಉಪ್ಪು ಮತ್ತು ಸಲ್ಫೈಡ್ ತಗಲಿ ಅದು ತಾನೇ ಸವೆಯುತ್ತದೆ, ಆ ಸವೆತದ ವಿದ್ಯುತ್ತು ಜೀವಿಗಳ ವಿದ್ಯುತ್ತಿನೊಂದಿಗೆ ಬೆರೆತು ಲೆಕ್ಕವನ್ನೇ ಕೆಡಿಸುತ್ತದೆ. ಕ್ಯಾಥೋಡನ್ನು ಥರ್ಮಾಕೋಲಿಗೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟೆ. ಅದೇ ಕೆಸರು, ಅದೇ ವಿದ್ಯುದ್ವಾರಗಳಿರುವ, ಆದರೆ ತಂತಿ ಜೋಡಿಸದ ಇನ್ನೊಂದು ಡಬ್ಬಿಯೂ ಪಕ್ಕದಲ್ಲಿರಬೇಕು. ಅದಿಲ್ಲದೆ ಪಡೆದ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಕೆಸರು ಹೊರಲು ನೆರವಾದ ವಾಸ್ಕೋದ ಕನ್ನಡಿಗ ಗೆಳೆಯರೊಬ್ಬರು, "ಇದರಿಂದ ಬಲ್ಬ್ ಹತ್ತತೈತೇನ್ರಿ ಸರ?" ಎಂದು ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆಯೇ ಅದು. ಆದರೆ ಕೆಸರನ್ನು ಶುದ್ಧಗೊಳಿಸಲು ಹೊರಟವರು ನೋಡಬೇಕಾದದ್ದು ವಿದ್ಯುತ್ ಶಕ್ತಿಯನ್ನಲ್ಲ, ಪ್ರವಾಹವನ್ನು, ಅಂದರೆ ಎಷ್ಟು ಎಲೆಕ್ಟ್ರಾನುಗಳು ಹರಿದವು ಎಂಬುದನ್ನು. ಒಂದು ಉದಾಹರಣೆ ನೋಡೋಣ: ಎರಡು ವಿದ್ಯುದ್ವಾರಗಳ ನಡುವಿನ ತಂತಿಗೆ ಜೋಡಿಸಿದ 1000 ಓಮ್ ನಿರೋಧಕದ ಮೇಲೆ 0.4 ವೋಲ್ಟ್ ಸಿಕ್ಕರೆ ಪ್ರವಾಹ 0.4 ಮಿಲಿಆಂಪಿಯರ್, ಶಕ್ತಿ 0.16 ಮಿಲಿವಾಟ್. 100 ಓಮ್‌ಗೆ ಇಳಿಸಿದಾಗ ವೋಲ್ಟೇಜ್ 0.1ಕ್ಕೆ ಕುಸಿದರೆ ಶಕ್ತಿ 0.1 ಮಿಲಿವಾಟ್‌ಗೆ ಇಳಿಯುತ್ತದೆ, ಪ್ರವಾಹ ಮಾತ್ರ 1 ಮಿಲಿಆಂಪಿಯರ್‌ಗೆ ಏರುತ್ತದೆ. ಅಷ್ಟು ಪ್ರವಾಹ ಒಂದು ದಿನ ಎಡೆಬಿಡದೆ ಹರಿದರೆ ಸುಮಾರು 7 ಮಿಲಿಗ್ರಾಂ ಆಮ್ಲಜನಕ ಮಾಡುವಷ್ಟು ಉತ್ಕರ್ಷಣದ ಕೆಲಸ ಆದಂತೆ. ಇದು ಸಣ್ಣ ಮೊತ್ತವೇ ಸರಿ. ಆದರೆ ಪಂಪಿಲ್ಲದೆ, ಗಾಳಿ ಊದದೆ, ಆಮ್ಲಜನಕ ಹೋಗಲಾರದ ಆಳದಲ್ಲಿ ನಡೆಯುವ ಕೆಲಸವೆಂಬುದೇ ನನ್ನನ್ನು ಈ ವಿಷಯಕ್ಕೆ ಅಂಟಿಸಿದ್ದು. ಆದ್ದರಿಂದ ವೋಲ್ಟೇಜ್ ಏರಿ ನೆಲೆಗೊಳ್ಳುವವರೆಗೆ 1000 ಓಮ್ ಇಟ್ಟು, ಅನಂತರ ಹಂತಹಂತವಾಗಿ ನಿರೋಧಕವನ್ನು ಇಳಿಸುತ್ತಾ ಹೋದೆ.

ಅಳಿವೆಯಲ್ಲಿ ಇನ್ನೊಂದು ಎಚ್ಚರ ಬೇಕು. ಕಡಲ ನೀರಿನ ಸಲ್ಫೇಟನ್ನು ಬೇರೆ ಬ್ಯಾಕ್ಟೀರಿಯಾಗಳು ಸಲ್ಫೈಡ್ ಆಗಿಸುತ್ತವೆ, ಆ ಸಲ್ಫೈಡ್ ಆನೋಡಿನ ಮೇಲೆ ನೇರವಾಗಿ ಗಂಧಕವಾಗುತ್ತಾ ಎಲೆಕ್ಟ್ರಾನ್ ಕೊಡುತ್ತದೆ. ಹೀಗಾಗಿ ಪ್ರವಾಹವನ್ನೆಲ್ಲ ಜಿಯೋಬ್ಯಾಕ್ಟರ್ ಲೆಕ್ಕಕ್ಕೆ ಬರೆಯಲಾಗದು. ಎರಡೂ ಡಬ್ಬಿಗಳ ಕೆಸರಿನ ಸಲ್ಫೈಡನ್ನು ಅಳೆದು, ಒಣಗಿಸಿದ ಮಣ್ಣನ್ನು 550 ಡಿಗ್ರಿಯಲ್ಲಿ ಸುಟ್ಟು ತೂಕದ ಇಳಿಕೆಯನ್ನು (ಮಣ್ಣಿನಲ್ಲಿದ್ದ ಸಾವಯವ ಪದಾರ್ಥದ ಅಂದಾಜು ಅದು) ಹೋಲಿಸಿದ ಮೇಲಷ್ಟೇ ನಾನು ಶುದ್ಧೀಕರಣದ ಮಾತೆತ್ತುತ್ತೇನೆ.