ಡಯಾಲಿಸಿಸ್ ರೋಗಿಗೆ ಟಿಶ್ಯೂ ವಾಲ್ವ್: ದಾವಣಗೆರೆಯಲ್ಲಿ ನನ್ನ ಅನುಭವ

ನನ್ನಲ್ಲಿ ಡಯಾಲಿಸಿಸ್ ಪಡೆಯುತ್ತಿದ್ದ, ಹರಿಹರದ ಕಡೆಯ, ಅರವತ್ತು ದಾಟಿದ ರೈತರೊಬ್ಬರ ಹೃದಯದ ಅಯೋರ್ಟಿಕ್ ಕವಾಟದ ಬದಲು ಟಿಶ್ಯೂ ವಾಲ್ವ್ (ಪ್ರಾಣಿ ಅಂಗಾಂಶದಿಂದ ಮಾಡಿದ ಕವಾಟ) ಹಾಕಬೇಕೆಂದು ನಾನು ಬರೆದು ಕಳುಹಿಸಿದಾಗ ಶಸ್ತ್ರಚಿಕಿತ್ಸಕರು ಒಪ್ಪಲಿಲ್ಲ. ಮೂತ್ರಪಿಂಡ ಸೋತು ರಂಜಕ ಏರಿರುವ ರಕ್ತದಲ್ಲಿ ಪ್ರಾಣಿ ಅಂಗಾಂಶ ಬೇಗ ಸುಣ್ಣಗಟ್ಟುತ್ತದೆ, ನಾಲ್ಕೈದು ವರ್ಷಕ್ಕೆ ಮತ್ತೆ ಎದೆ ತೆರೆಯಬೇಕಾಗುತ್ತದೆ ಎಂಬುದು ಅವರ ವಾದ. 1998ರ ಅಮೆರಿಕದ ಮಾರ್ಗಸೂಚಿಯೂ ಡಯಾಲಿಸಿಸ್ ರೋಗಿಗೆ ಮೆಕ್ಯಾನಿಕಲ್ ವಾಲ್ವನ್ನೇ (ಲೋಹದಂಥ ಗಟ್ಟಿ ವಸ್ತುಗಳಿಂದ ಮಾಡಿದ ಕವಾಟ) ಸೂಚಿಸಿತ್ತು. 2006ರಲ್ಲಿ ಆ ಸಲಹೆಯನ್ನು ಕೈಬಿಡಲಾಯಿತು.

ನನ್ನ ಹಟಕ್ಕೆ ಕಾರಣ ಜಗಳೂರಿನ ಒಬ್ಬ ರೋಗಿ. ಅವರಿಗೆ ಮೆಕ್ಯಾನಿಕಲ್ ವಾಲ್ವಿಗೆ ಒಪ್ಪಿಗೆ ಕೊಟ್ಟವನು ನಾನೇ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು 1990ರಿಂದ ಬಳಕೆಯಲ್ಲಿರುವ ನಮ್ಮ ದೇಶದ ಚಿತ್ರಾ ವಾಲ್ವ್ ಅಗ್ಗವಾಗಿತ್ತು. ಟಿಶ್ಯೂ ವಾಲ್ವಿಗೆ ನಾವು ವಿಚಾರಿಸಿದ ಬೆಲೆ ಅದಕ್ಕಿಂತ ಸುಮಾರು 50 ಸಾವಿರ ಹೆಚ್ಚು. ಆ ಉಳಿತಾಯ ಎರಡು ವರ್ಷವೂ ನಿಲ್ಲಲಿಲ್ಲ. ಮೆಕ್ಯಾನಿಕಲ್ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟದಂತೆ ಸದಾ ನುಂಗಬೇಕಾದ ವಾರ್ಫರಿನ್ ಪ್ರಮಾಣ ಅದೇ ಇದ್ದರೂ ಐಎನ್‌ಆರ್ (ಹೆಪ್ಪುಗಟ್ಟುವಿಕೆಯ ಅಳತೆ; ಕಡಿಮೆಯಾದರೆ ಹೆಪ್ಪಿನ ಭಯ, ಹೆಚ್ಚಾದರೆ ರಕ್ತಸ್ರಾವದ ಭಯ) ಒಮ್ಮೆ 1.4, ಮತ್ತೊಮ್ಮೆ 6ರ ಮೇಲೆ. ಸೂಜಿ ತೆಗೆದ ಮೇಲೆ ಫಿಸ್ಟುಲಾವನ್ನು (ಡಯಾಲಿಸಿಸ್‌ಗಾಗಿ ಕೈಯಲ್ಲಿ ಜೋಡಿಸಿದ ರಕ್ತನಾಳ) ಮುಕ್ಕಾಲು ಗಂಟೆ ಒತ್ತಿ ಹಿಡಿಯಬೇಕಾಗುತ್ತಿತ್ತು. ಕರುಳಿನಲ್ಲಿ ರಕ್ತಸ್ರಾವವಾಗಿ ಎರಡು ಬಾರಿ ದಾಖಲಾದರು, ಏಳೆಂಟು ಬಾಟಲಿ ರಕ್ತ ಕೊಟ್ಟೆವು, ಖರ್ಚು ಒಂದೂವರೆ ಲಕ್ಷ ಮುಟ್ಟಿತು. ಅಷ್ಟು ರಕ್ತ ಪಡೆದುದರಿಂದ ಪ್ರತಿಕಾಯಗಳು ಬೆಳೆದು, ತಾಯಿ ಕೊಡಲು ಸಿದ್ಧವಿದ್ದ ಮೂತ್ರಪಿಂಡವೂ ಹೊಂದದಾಯಿತು. ಇದು ಇಂದಿಗೂ ನನ್ನನ್ನು ಕಾಡುತ್ತದೆ.

2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ವಾಲ್ವ್ ಬದಲಿಸಿಕೊಂಡ 5,858 ಡಯಾಲಿಸಿಸ್ ರೋಗಿಗಳನ್ನು ನೋಡಿತ್ತು. ಯಾವ ವಾಲ್ವ್ ಹಾಕಿದ್ದರೂ ಎರಡು ವರ್ಷ ಬದುಕಿದವರು ಶೇ. 40ರಷ್ಟು ಮಾತ್ರ. ವಾಲ್ವ್ ಸವೆಯುವ ಮೊದಲೇ ರೋಗಿಯ ಆಯುಷ್ಯ ಮುಗಿಯುತ್ತಿರುವಾಗ, ಇಪ್ಪತ್ತು ವರ್ಷದ ಬಾಳಿಕೆಗಾಗಿ ವಾರ್ಫರಿನ್ ಹೊರಿಸುವುದು ನನಗೆ ಸರಿಯೆನಿಸಲಿಲ್ಲ. ಅದನ್ನು ಮನೆಯವರಿಗೆ ಹೇಳುವುದೇ ಕಷ್ಟ. “ಸರ್, ಲೋಹದ್ದಾದ್ರೆ ಜಾಸ್ತಿ ಬಾಳಿಕೆ ಬರ್ತತಲ್ರೀ” ಎಂದು ರೈತರ ಮಗ ಕೇಳಿದಾಗ, ಜಗಳೂರಿನವರ ಕಥೆಯನ್ನು ಹೆಸರು ಹೇಳದೆ ಪೂರ್ತಿ ತಿಳಿಸಿದೆ. ಆಮೇಲೆ ಆ ಮನೆಯವರೇ ಶಸ್ತ್ರಚಿಕಿತ್ಸಕರನ್ನು ಒಪ್ಪಿಸಿದರು.

ಶಸ್ತ್ರಚಿಕಿತ್ಸೆಯ ನಂತರ ಮೊದಲ ಕೆಲವು ವಾರ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಲ್ಲದೆ, ಅರ್ಧ ಗಂಟೆಗೊಮ್ಮೆ ಸಲೈನ್ ಹಾಯಿಸಿ ಡಯಾಲಿಸಿಸ್ ಮಾಡಿದೆವು. ಎರಡು ಡಯಲೈಸರ್ (ರಕ್ತ ಸೋಸುವ ಶೋಧಕ) ಹೆಪ್ಪುಗಟ್ಟಿ ಹಾಳಾದವು. ಮೂರನೆಯದು ಹಾಳಾಗದಂತೆ ಮಾಡಿದ ಕ್ರಮ ನಮ್ಮ ತಂತ್ರಜ್ಞರ ಕೈಚಳಕ, ಅದನ್ನು ಬಂದು ನೋಡಿಯೇ ಕಲಿಯಬೇಕು. ಇದರ ಜೊತೆಗೆ, ವಾಲ್ವ್ ಸುಣ್ಣಗಟ್ಟುವುದು ನಿಧಾನವಾಗಲೆಂದು ನಾಲ್ಕೈದು ಮಂದಿಯಲ್ಲಿ ಡಯಾಲಿಸೇಟ್ (ಡಯಾಲಿಸಿಸ್ ದ್ರಾವಣ) ಕ್ಯಾಲ್ಸಿಯಂ ಅನ್ನು 1.5ರಿಂದ 1.25ಕ್ಕೆ ಇಳಿಸಿ ನೋಡಿದೆ. ಇಬ್ಬರಿಗೆ ರಕ್ತದೊತ್ತಡ ಕುಸಿದದ್ದರಿಂದ ಅವರಿಗೆ ನಿಲ್ಲಿಸಿದೆ. ಉಳಿದವರಲ್ಲಿ ವಾಲ್ವಿಗೆ ಲಾಭವಾಯಿತೆಂದು ಹೇಳುವಷ್ಟು ಸಂಖ್ಯೆ ನನ್ನಲ್ಲಿಲ್ಲ.

ಎಲ್ಲರಿಗೂ ಇದೇ ಮಾತು ಅನ್ವಯಿಸುವುದಿಲ್ಲ. ಚಳ್ಳಕೆರೆಯ, ಮೂವತ್ತೂ ತುಂಬದ ಹೆಣ್ಣುಮಗಳೊಬ್ಬಳ ಮೈಟ್ರಲ್ (ಹೃದಯದ ಇನ್ನೊಂದು ಕವಾಟ) ಜಾಗದ ಟಿಶ್ಯೂ ವಾಲ್ವ್ ಐದನೇ ವರ್ಷಕ್ಕೆ ಕಲ್ಲಿನಂತಾಯಿತು. ಮೂಳೆಯ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಬಿಡಿಸುವ ಪ್ಯಾರಾಥೈರಾಯ್ಡ್ ಹಾರ್ಮೋನು ಆಕೆಯಲ್ಲಿ ಸಾಮಾನ್ಯಕ್ಕಿಂತ ಬಹಳ ಹೆಚ್ಚಾಗಿ ಸಾವಿರ ದಾಟಿದ್ದರೂ ನಾನು ತಡವಾಗಿ ಗಮನಿಸಿದೆ. ಈಗ ಆ ವಯಸ್ಸಿನವರು ಬಂದರೆ ಮೂತ್ರಪಿಂಡ ಕಸಿಯ ಸಾಧ್ಯತೆ, ರಂಜಕ, ಪ್ಯಾರಾಥೈರಾಯ್ಡ್ ನೋಡಿದ ಮೇಲೆಯೇ ವಾಲ್ವಿನ ಮಾತೆತ್ತುತ್ತೇನೆ.

ಹರಿಹರದ ರೈತರಿಗೆ ಈಗ ಆರನೇ ವರ್ಷ. ಆಸ್ಪಿರಿನ್ ಒಂದನ್ನೇ ನುಂಗುತ್ತಾರೆ, ರಕ್ತ ಕೊಡುವ ಪ್ರಸಂಗ ಬಂದಿಲ್ಲ. ಕಳೆದ ಎಕೋದಲ್ಲಿ ಸರಾಸರಿ ಗ್ರೇಡಿಯೆಂಟ್ (ವಾಲ್ವಿನ ಎರಡು ಬದಿಯ ಒತ್ತಡದ ವ್ಯತ್ಯಾಸ) 16ರ ಆಸುಪಾಸಿನಲ್ಲಿತ್ತು, ಅಂದರೆ ವಾಲ್ವ್ ಇನ್ನೂ ಚೆನ್ನಾಗಿ ತೆರೆಯುತ್ತಿತ್ತು. ಅಂದು ಒಪ್ಪದಿದ್ದ ಶಸ್ತ್ರಚಿಕಿತ್ಸಕರು ಆ ವರದಿಯ ಪ್ರತಿಯನ್ನು ಕೇಳಿ ತರಿಸಿಕೊಂಡರು.